ಅಳೆದೂ ಸುರಿದೂ

ಊಟದ ಮೇಜಿನ ಮೇಲೆ ಮೂರು ತಾರೀಕು.
ಮಾರ್ಚ್, ಜೂನ್, ಅಕ್ಟೋಬರ್.
ಯಾವುದನ್ನು ಕಳಿಸಲಿ, ಅಪ್ಪಾ, ಎನ್ನುತ್ತಾಳೆ ಓಡೆಟ್,
ಕಾಗದದ ಗಿರಣಿಯ ಗೇಟಿನಲ್ಲಿ ಇಪ್ಪತ್ತಾರು ವರ್ಷ
ದಿಮ್ಮಿ ಅಳೆದವನನ್ನು.

ನನಗೆ ಗೊತ್ತಿರುವುದು ಸ್ಪ್ರೂಸ್, ಫರ್, ಮೇಪಲ್.
ಲಾರಿ ನಿಲ್ಲುತ್ತದೆ. ಕೋಲು ಹಿಡಿದು ಹತ್ತುತ್ತೇನೆ.
ತುದಿಯ ಅಡ್ಡಗಲ, ಉದ್ದ,
ಬಡಿದು ನೋಡಿ ಒಳಗೆ ಪೊಳ್ಳಿದ್ದರೆ
ಪೊಳ್ಳಿನಷ್ಟು ಕಳೆದು
ನೀಲಿ ಬಳಪದಲ್ಲಿ ಒಂದು ಅಂಕಿ ಗೀಚುತ್ತೇನೆ.
ದುಡ್ಡು ಆ ಅಂಕಿಗೆ.
ಮರ ಯಾವ ಗುಡ್ಡದ್ದು, ಯಾವ ಚಳಿಗಾಲಕ್ಕೆ ಬಾಗಿತ್ತು,
ಯಾರೂ ಕೇಳುವುದಿಲ್ಲ.
ನಾನೂ ಕೇಳಿದವನಲ್ಲ.

ಜೂನಿನಲ್ಲಿ ಗಣಿತ ಎದ್ದು ನಿಂತಿದೆ, ಓದು ಮಲಗಿದೆ.
ಅಕ್ಟೋಬರಿನಲ್ಲಿ ಓದು ಎದ್ದಿದೆ, ಗಣಿತ ಕುಕ್ಕರಿಸಿದೆ.
ಕೆಲವು ಕಾಲೇಜು ಇದರ ತಲೆ ಅದರ ಕಾಲು ಕೂಡಿಸಿ
ಒಬ್ಬಳೇ ಹುಡುಗಿ ಮಾಡಿಕೊಳ್ಳುತ್ತವಂತೆ.
ಕೆಲವಕ್ಕೆ ಒಂದೇ ದಿನದ ಹುಡುಗಿ ಬೇಕು, ಇಡಿಯಾಗಿ.
ಒಂದೆರಡು, ಕಳಿಸದಿದ್ದರೂ ನಡೆದೀತು ಎಂದು ನಗುತ್ತವೆ;
ಆ ನಗು ಕಂಡರೇ ಅವಳಿಗೆ ಹೆದರಿಕೆ.

ಅಂಕ ಕಣ್ಣಿಗೆ ಬೀಳುವ ಮುಂಚೆ ಕಳಿಸಿದ್ದರೆ
ನಾಲ್ಕು ಕಡೆಗೆ ಪುಕ್ಕಟೆ ಇತ್ತು.
ನೋಡಿ, ಆರಿಸಿ ಕಳಿಸುವುದಕ್ಕೆ ತಲೆಗಿಷ್ಟು ಡಾಲರು.
ಕುರುಡು ಬಿಟ್ಟಿ, ಕಣ್ಣಿಗೆ ಕಾಸು,
ಎಂದಳು ಲಾರೇನ್, ಆಸ್ಪತ್ರೆಯ ಹಾಸುಬಟ್ಟೆ
ಮಡಿಸಿ ಮಡಿಸಿ ಸವೆದ ಬೆರಳಲ್ಲಿ ಬ್ರೆಡ್ಡಿಗೆ ಬೆಣ್ಣೆ ಸವರುತ್ತ.
ಫೀ ಮನ್ನಾ ಮಾಡುವ ಗೆರೆಯಿದೆ.
ನಮ್ಮ ಸಂಬಳ ಅದರಿಂದ ಬೆರಳಗಲ ಮೇಲೆ.

ಮಾರ್ಚ್ ಬಿಡು, ಎಂದೆ.
ಬಾಯಿಗೆ ಬಂದ ಮೊದಲ ಮಾತು ಅದು,
ಸಲೀಸಾಗಿ ಬಂತು.

ಹೊಳೆಯಾಚೆಗಿನ ಊರಿಗೆ ಮೆಕ್ಸಿಕೊ ಎಂದು ಹೆಸರು.
ಹೆಸರಷ್ಟೇ; ಅಲ್ಲೂ ಇಷ್ಟೇ ಹಿಮ, ಇದೇ ಗಿರಣಿಯ ನಾತ.
ಅಲ್ಲಿ ಗಾಸ್ಟನ್ನನ ಬಾರು.
ಆ ಶುಕ್ರವಾರ ರಾತ್ರಿ ಒಂದೂವರೆಗೆ
ಹಳೇ ಟ್ರಕ್ಕು ಸೇತುವೆ ದಾಟಿ ಬಂತು,
ರಾತ್ರಿಯಂಗಿಯ ಮೇಲೆ ನನ್ನದೇ ಕೋಟು ಹಾಕಿದವಳು
ನನ್ನ ತೋಳು ಹಿಡಿದು ಹತ್ತಿಸಿಕೊಂಡಳು.
ದಾರಿಯಲ್ಲಿ ಎರಡು ಸಲ ನಿಲ್ಲಿಸಿದಳು, ನಾನು ಕಾರಿಕೊಳ್ಳಲಿ ಎಂದು.
ಬೆಳಿಗ್ಗೆ ಎಂಟಕ್ಕೆ ಅವಳ ಪರೀಕ್ಷೆ.
ಇದು ಲಾರೇನ್‌ಗೆ ಗೊತ್ತಿಲ್ಲ. ಅವಳಿಗೆ ಅಂದು ರಾತ್ರಿಪಾಳಿ.

ಹಾಗಾಗಿ ಮಾರ್ಚಿನ ಪೊಳ್ಳು ಯಾರದು
ಎಂದು ಬಡಿದು ನೋಡುವ ಅಗತ್ಯವಿಲ್ಲ.
ಕಳೆದು ಬರೆಯುವುದು ನನಗೆ ಅಭ್ಯಾಸ.
ಕಳೆದರೂ ದಿಮ್ಮಿ ಒಳಗೆ ಹೋಗುವುದು ಪೊಳ್ಳಿನ ಸಮೇತವೇ.

ಏಳು ಕಾಲೇಜಿಗೆ ಜೂನ್, ಅಕ್ಟೋಬರ್ ಗುರುತು ಹಾಕಿದಳು.
ಎಂಟನೆಯದು ಎಲ್ಲವನ್ನೂ ತಾ ಎನ್ನುತ್ತದೆ.
ಅವಳಿಗೆ ಬೇಕಾದದ್ದು ಅದೇ.
ಆ ಹೆಸರನ್ನು ಮಾತ್ರ ಅವಳು ಜೋರಾಗಿ ಹೇಳುವುದಿಲ್ಲ.

ಅರ್ಜಿಯ ಕೊನೆಗೆ ಒಂದು ಖಾಲಿ ಚೌಕ:
ಇನ್ನೇನಾದರೂ ಹೇಳುವುದಿದೆಯೇ?
ಗೀಟು ಮಿಣುಕುತ್ತಿತ್ತು. ಅವಳು ನನ್ನ ಕಡೆ ನೋಡಲಿಲ್ಲ.
ಮಾರ್ಚಿನಲ್ಲಿ ಹವಾಮಾನ ಸರಿಯಿರಲಿಲ್ಲ, ಎಂದು ಬರೆದಳು.
ಓದಿದಳು.
ಒಂದೊಂದೇ ಅಕ್ಷರ ಅಳಿಸಿದಳು.

ಬರಿ, ಎನ್ನಬೇಕಿತ್ತು ನಾನು.
ಲಾರೇನ್ ನಲ್ಲಿ ತಿರುಗಿಸಿ ತಟ್ಟೆ ತೊಳೆಯುತ್ತಿದ್ದಳು,
ನೀರಿನ ಸದ್ದಿನಲ್ಲಿ ಹೇಳಿಬಿಡಬಹುದಿತ್ತು.
ನಲ್ಲಿ ನಿಂತಿತು.

ಕಾರ್ಡು ಕೊಡು, ಅಪ್ಪಾ.
ಬೆನ್ನಮೇಲಿನ ಮೂರು ಅಂಕಿ ಓದು.

ಓದಿದೆ. ಮೊದಲು ತಪ್ಪಾಗಿ.
ಆಮೇಲೆ, ದೀಪದ ಹತ್ತಿರ ಹಿಡಿದು, ಸರಿಯಾಗಿ.